ಜೋಡಿ ದುರ್ಬೀನು

ಅಪ್ಪ ಓಡಿಸುವ ಸ್ಕೂಲ್ ವ್ಯಾನಿನ ಎಡಬದಿಯ ಕನ್ನಡಿ ಒಡೆದದ್ದು ಈ ತಿಂಗಳಲ್ಲಿ ಇದು ಮೂರನೇ ಸಲ. ಮುಸ್ಸಂಜೆಗೆ ಮಗಳು ಅವನನ್ನು ತಾರಸಿಗೆ ಕರೆದಳು. ತಂಬಿಗೆಯಷ್ಟು ದಪ್ಪದ ಎರಡು ಕೊಳವೆಗಳ ದುರ್ಬೀನು ಚಂದ್ರನತ್ತ ತಿರುಗಿ ನಿಂತಿತ್ತು.

“ಬೇಡಮ್ಮ, ಕತ್ತು ನೋವು. ಇನ್ನೊಂದಿನ ನೋಡ್ತೀನಿ.”

“ನಿನ್ನೇನೂ ಹಾಗೇ ಅಂದೆ. ಒಂದೇ ಒಂದ್ಸಲ ನೋಡಪ್ಪ.”

ಅವಳು ಮೆಟ್ಟಿಲಿಗೆ ಅಡ್ಡವಾಗಿ ನಿಂತಿದ್ದಳು. ಬೇರೆ ದಾರಿ ಕಾಣದೆ ಅಪ್ಪ ದುರ್ಬೀನಿಗೆ ಬಗ್ಗಿದ.

“ಎರಡೂ ಕಣ್ಣಿಗೂ ಚೆನ್ನಾಗಿ ಕಾಣ್ತಿದ್ಯಾ?”

“ಅಬ್ಬಬ್ಬಾ! ಈ ಚಂದ್ರನ್ನ ನೋಡೋಕೆ ಎರಡು ಕಣ್ಣು ಸಾಲ್ದು ಕಣೆ!”

ಮಗಳು ಕೈ ಚಾಚಿದಳು. “ವ್ಯಾನ್ ಕೀಲಿ ಕೊಡಪ್ಪ.”

“ಯಾಕೆ?”

“ದುರ್ಬೀನಿನ ಎಡಗಡೆ ಮುಚ್ಚಳ ನಾನಿನ್ನೂ ತೆಗ್ದೇ ಇಲ್ಲ.”