ಪಿಂಜಾರನ ಗೋಡೆ

ವಿಮೆ ಏಜೆಂಟನ ಬೆರಳಿಗೆ ಗೋಡೆಯ ಮಸಿ ಹತ್ತಿತು. ಶಹಾಪುರ ಬಜಾರಿನ ಕಿರಾಣಿ ವ್ಯಾಪಾರಿ ಜಗದೇವಪ್ಪ ಎರಡು ವರ್ಷದಲ್ಲಿ ಮೂರು ಸಲ ಸುಣ್ಣ ಹೊಡೆಸಿದ್ದರೂ ಅಂಗಡಿಯ ಆ ಒಂದು ಗೋಡೆ ಬೆಳ್ಳಗಾಗಿರಲಿಲ್ಲ.

“ಆಚಿ ಕಡೆ ಪಿಂಜಾರ ಲಾಲಸಾಬನ ಅಂಗಡಿ ಇತ್ರಿ,” ಎಂದ ಜಗದೇವಪ್ಪ. “ನಿಜಾಮನ ರಾಜ್ಯ ಹೋದ ವಾರದಾಗ ಹತ್ತಿ ಸಮೇತ ಸುಟ್ಟುಹೋತು. ಅವನೂ ಒಳಗಿದ್ದ.”

“ದೀಪ ಬಿದ್ದು ಸುಟ್ಟಿದ್ರ ನಿಮ್ಮ ಅಂಗಡಿ ಬೀಮಾದ ಕಂತು ಹೋದ ವರ್ಷದಷ್ಟ. ಮಂದಿ ಬೆಂಕಿ ಹಚ್ಚಿದ್ದಾದ್ರ ಈ ವರ್ಷದಿಂದ ಮೂರು ಪಟ್ಟು. ಅಷ್ಟು ಕಟ್ಟಾಕ ಆಗಲ್ಲಂತ ಈ ಬಜಾರದಾಗ ನಾಕು ಅಂಗಡಿಯವರು ಬೀಮಾನ ಬಿಟ್ಟಾರ. ದೀಪ ಅಂತ ಬರೀಲ್ರಿ?” ಏಜೆಂಟ ಕನಿಕರದಿಂದಲೇ ಕೇಳಿದ.

ಊರೆಲ್ಲ ದೀಪವೆಂದೇ ಹೇಳುತ್ತಿತ್ತು. ಗೋಡೆಯಾಚೆಯ ಪಾಳು ಜಾಗದಲ್ಲಿ ಹತ್ತಿ ಹಿಂಜುವ ಬಿಲ್ಲು ಟಂಯ್ ಟಂಯ್ ಎಂದಿತು. ಎರಡು ವರ್ಷದಿಂದ ಅದು ಜಗದೇವಪ್ಪನೊಬ್ಬನಿಗೇ ಕೇಳುತ್ತಿತ್ತು, ಹೆಂಡತಿಗೂ ಕೇಳಿರಲಿಲ್ಲ.

“ಮಂದಿ ಅಂತ ಬರಕೋರಿ. ಸೀಮಿಎಣ್ಣಿ ಡಬ್ಬಿ ನನ್ನ ಅಂಗಡೀದು. ನಾನ ಎತ್ತಿ ಕೊಟ್ಟೀನಿ.”

ಏಜೆಂಟ ಬರೆಯುತ್ತಿದ್ದ ಕೈ ನಿಲ್ಲಿಸಿ ಗೋಡೆಯತ್ತ ತಿರುಗಿದ.

“ಆಚಿ ಕಡೆ ಯಾರೋ ಹತ್ತಿ ಹಿಂಜಾಕತ್ತಾರಲ್ರಿ.”