ತೂಕಕ್ಕೆ ಸಿಗದ ಹೊಗೆ

ನಿನ್ನೆ ಊಟದ ಹೊತ್ತಿನಲ್ಲಿ ಯಂತ್ರ ಸೇದಿದ ಹೊಗೆಯಲ್ಲೂ ಒಂದು ಪಾಲು ಕಾಣೆಯಾಗಿತ್ತು. ಪ್ರಯೋಗಾಲಯದ ಮುಖ್ಯಸ್ಥೆ ಬಿಳಿ ಸೋಸುಪಟ್ಟಿಯನ್ನು ಚಿಮಟದಲ್ಲಿ ಹಿಡಿದು ಮತ್ತೊಮ್ಮೆ ತೂಗಿದರು. ಅದೇ ಅಂಕಿ. ಉಸಿರು ತಾಕಿದರೂ ಅಂಕಿ ಬದಲಿಸುವ ಆ ತಕ್ಕಡಿಯನ್ನು ಅವರು ಹಸುಗೂಸಿನಂತೆ ಕಾಯುತ್ತಿದ್ದರು. ಕಚೇರಿಯಲ್ಲಿ ಅವರಿಗೆ ತಕ್ಕಡಿ ಮೇಡಂ ಎಂದೇ ಹೆಸರು.

ಲೆಕ್ಕವೇನೋ ಸರಳ. ಇ-ಸಿಗರೇಟು ನಿಷೇಧವಾದ ಮೇಲೆ ಜನ ಒಪ್ಪಿಸಿದ್ದು, ಅಂಗಡಿಗಳಲ್ಲಿ ಹಿಡಿದದ್ದು ಎಲ್ಲ ಪರೀಕ್ಷೆಗೆ ಇಲ್ಲಿಗೇ ಬರುತ್ತಿತ್ತು. ಯಂತ್ರ ಥೇಟ್ ಮನುಷ್ಯನ ಹಾಗೆ ಒಂದು ದಮ್ಮು ಎಳೆಯುತ್ತದೆ, ತುಸು ಸುಧಾರಿಸಿಕೊಳ್ಳುತ್ತದೆ, ಆಮೇಲೆ ರಬ್ಬರ್ ಕೊಳವೆಯಲ್ಲಿ ಹೊಗೆಯನ್ನು ಪಟ್ಟಿಯ ಮೇಲೆ ಬಿಡುತ್ತದೆ. ಸಿಗರೇಟಿನಲ್ಲಿ ಇಳಿದಷ್ಟು ತೂಕ ಹೆಚ್ಚುಕಡಿಮೆ ಪಟ್ಟಿಯಲ್ಲಿ ಏರಬೇಕು. ವಾರದಿಂದ ಏರುತ್ತಿರಲಿಲ್ಲ. ಒಬ್ಬ ತಯಾರಕ ‘ನಮ್ಮ ಮಾಲಿನಲ್ಲಿ ನಿಕೋಟಿನ್ ಹೆಸರಿಗಷ್ಟೇ ಇದೆ’ ಎಂದು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದ. ನಾಳೆ ಮೇಡಂ ವರದಿ ಅಲ್ಲಿಗೆ ಹೋಗಬೇಕು. ಈ ಅಂಕಿಯೇ ಹೋದರೆ ಆತ ಗೆದ್ದ ಖುಷಿಗೆ ಬಂದು ಅವರ ಕಾಲಿಗೆ ಬೀಳುವುದೊಂದು ಬಾಕಿ.

“ಯಂತ್ರಕ್ಕೂ ಚಟ ಹತ್ತಿರ್ಬೇಕು ಮೇಡಂ. ಸ್ವಲ್ಪ ತಾನೇ ಒಳಗಿಟ್ಕೊಳ್ತಿದೆ,” ಎಂದಳು ಸಹಾಯಕಿ.

“ವಸ್ತು ಮಾಯ ಆಗಲ್ಲ ಕಣೇ. ಇಲ್ಲಿಲ್ಲ ಅಂದ್ರೆ ಇನ್ನೆಲ್ಲೋ ಇರುತ್ತೆ.”

ಮೇಡಂ ರಬ್ಬರ್ ಉಂಗುರಗಳನ್ನೆಲ್ಲ ಬದಲಿಸಿದ್ದರು. ಪ್ರತಿ ಸಂದಿಗೂ ಸೋಪಿನ ನೀರು ಸವರಿ ಗುಳ್ಳೆ ಹುಡುಕಿದ್ದರು. ಕೊನೆಗೆ ಮನಸ್ಸು ಕಲ್ಲು ಮಾಡಿಕೊಂಡು ತಕ್ಕಡಿಯನ್ನೂ ಅನುಮಾನಿಸಿದ್ದರು; ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬಡಕಲಾಗುತ್ತಿದ್ದದ್ದು ಊಟದ ಹೊತ್ತಿನ ಪಟ್ಟಿ ಮಾತ್ರ. ಹಾಗಾಗಿ ಇವತ್ತು ಸಹಾಯಕಿಯನ್ನು ಊಟಕ್ಕೆ ಕಳಿಸಿ, ತಾವು ಡಬ್ಬಿ ಹಿಡಿದುಕೊಂಡು ಬೀರುವಿನ ಹಿಂದೆ ಕೂತರು.

ಬಾಗಿಲು ಸದ್ದಿಲ್ಲದೆ ತೆರೆಯಿತು. ಒಳಗೆ ಬಂದದ್ದು ಪಕ್ಕದ ವಿಭಾಗದ ಕಾನೂನು ಅಧಿಕಾರಿ. ನಿಷೇಧದ ಕರಡು ಬರೆದವರು ಅವರೇ. ಅದು ಜಾರಿಯಾದ ದಿನ ತಮ್ಮ ನೀಲಿ ಇ-ಸಿಗರೇಟನ್ನು ಎಲ್ಲರೆದುರು ಒಪ್ಪಿಸುವ ಪೆಟ್ಟಿಗೆಗೆ ಹಾಕಿ ಚಪ್ಪಾಳೆ ಗಿಟ್ಟಿಸಿದವರು. ಆ ಫೋಟೊ ಈಗಲೂ ಸೂಚನಾಫಲಕದಲ್ಲಿತ್ತು. ಸಾಹೇಬರು ಸ್ಟೂಲನ್ನು ಯಂತ್ರದ ಹತ್ತಿರ ಎಳೆದುಕೊಂಡರು. ಅತ್ತಿತ್ತ ನೋಡಿ, ಪಟ್ಟಿಯ ಕಡೆಯಿಂದ ಕೊಳವೆ ಬಿಡಿಸಿ ಬಾಯಿಗಿಟ್ಟುಕೊಂಡರು. ಯಂತ್ರ ಉಸಿರು ಬಿಟ್ಟಿತು. ಸಾಹೇಬರು ಹಾಲು ಕುಡಿಯುವ ಬೆಕ್ಕಿನಂತೆ ಕಣ್ಣು ಮುಚ್ಚಿದರು.

“ಊಟ ಆಯ್ತಾ ಸರ್?”

ಸ್ಟೂಲು ಕಿರುಗುಟ್ಟಿತು. “ಮೇಡಂ! ನೀವು... ಡಬ್ಬಿ ಹಿಡ್ಕೊಂಡು ಬೀರು ಹಿಂದೆ ಯಾಕೆ ಕೂತಿದೀರಿ?”

“ಕಳೆದುಹೋದ ಹೊಗೆ ಹುಡುಕ್ತಿದ್ದೆ. ಸಿಕ್ತು.”

“ತಪ್ಪು ತಿಳ್ಕೋಬೇಡಿ. ಇವತ್ತು ಇಟ್ಟಿದೀರಲ್ಲ ನೀಲಿದು, ಪುದೀನ ವಾಸನೆದು, ಅದು ನಂದೇ.”

“ಗೊತ್ತು. ಚಪ್ಪಾಳೆ ನಾನೂ ತಟ್ಟಿದ್ದೆ. ಮತ್ತೆ ವಾರದಿಂದ ಇಟ್ಟಿದ್ದು?”

“ಅವು ಅದರ ಅಣ್ಣತಮ್ಮಂದಿರು.” ಸಾಹೇಬರ ದನಿ ಇಳಿಯಿತು. “ನಾನು ಬಿಟ್ಟಿದೀನಿ ಮೇಡಂ. ಮನೆಯವಳ ಆಣೆಗೂ ಬಿಟ್ಟಿದೀನಿ. ಆದ್ರೆ ಗೋಡೆ ಆಚೆ ಈ ಹಾಳು ಯಂತ್ರ ಬೆಳಗಿಂದ ಸಂಜೆವರೆಗೂ ಆರಾಮಾಗಿ ಸೇದ್ತಾ ಕೂತಿದ್ರೆ, ಈಚೆ ನಾನು ಫೈಲು ನೋಡ್ಲಾ?”

“ನಾಳೆ ನ್ಯಾಯಾಲಯದಲ್ಲಿ ಸರ್ಕಾರದ ಕಡೆ ನಿಲ್ಲೋರು ನೀವೇ ಅಲ್ವಾ? ‘ಇದರಲ್ಲಿ ನಿಕೋಟಿನ್ ಬೇಕಾದಷ್ಟಿದೆ’ ಅಂತೀರಿ. ಆ ಬೇಕಾದಷ್ಟೆಲ್ಲ ಈಗ ನಿಮ್ಮ ಎದೇಲಿದೆ. ನನ್ನ ಪಟ್ಟೀಲಿ ಏನು ತೋರಿಸ್ಲಿ?”

ವಕೀಲಿ ವೃತ್ತಿ ಸಾಹೇಬರ ಕೈಬಿಡಲಿಲ್ಲ. ಷರ್ಟಿನ ಕಾಲರು ಸರಿಮಾಡಿಕೊಂಡರು.

“ಸರಿ, ಕಾನೂನೇ ನೋಡೋಣ. ‘ಇಟ್ಟುಕೊಳ್ಳಬಾರದು’ ಅಂತಿದೆ; ಇಟ್ಕೊಂಡಿರೋದು ನೀವು. ‘ಸೇದಬಾರದು’ ಅಂತಿದೆ, ಸೇದಿದ್ದು ಯಂತ್ರ. ಅದು ಬಿಟ್ಟಿದ್ದನ್ನ ನಾನು ಉಸಿರಾಡಿದೆ, ಅಷ್ಟೇ. ಉಸಿರಾಡಬಾರದು ಅಂತ ಯಾವ ಕಲಮಿನಲ್ಲಿದೆ ತೋರಿಸಿ. ಬರೆದೋನಿಗೆ ಗೊತ್ತಿಲ್ವಾ?”

ಗೆದ್ದ ಹುಮ್ಮಸ್ಸಿನಲ್ಲಿ ಇನ್ನೊಂದು ದಮ್ಮನ್ನೂ ಎಳೆದುಬಿಟ್ಟರು.

ಮೇಡಂ ಡಬ್ಬಿ ಮುಚ್ಚಿಟ್ಟರು. ಕೈ ತೊಳೆದು ಒರೆಸಿಕೊಂಡರು. ಕಪಾಟಿನಿಂದ ಒಂದು ಶುಭ್ರ ಬೀಕರನ್ನೂ ಸೊಟ್ಟ ಮೂತಿಯ ನೀರಿನ ಬಾಟಲಿಯನ್ನೂ ತಂದರು.

“ನೀವು ಹೇಳಿದ್ದು ಸರಿ ಸರ್. ನೀವು ಸೇದಿಲ್ಲ. ಹೊಗೆ ನಿಮ್ಮೊಳಗೆ ಹಾದುಹೋಗಿದೆ. ಅಂದ್ರೆ ಆ ಕೊಳವೆ ಹೇಗೋ ನೀವೂ ಹಾಗೇ, ಯಂತ್ರದ ಒಂದು ಭಾಗ.”

“ಹಾಂ, ಹಾಗೇ ಅಂದ್ಕೊಳ್ಳಿ,” ಎಂದರು ಸಾಹೇಬರು ಉದಾರವಾಗಿ; ಮತ್ತೆ ಕೊಳವೆ ಬಾಯಿಗಿಟ್ಟು ಇನ್ನೂ ಒಂದು ದಮ್ಮು ಎಳೆದುಕೊಂಡರು.

“ನಮ್ಮಲ್ಲೂ ಒಂದು ನಿಯಮ ಇದೆ. ತೂಕ ಕಮ್ಮಿ ಬಂದ್ರೆ, ಹೊಗೆ ಹಾದುಹೋದ ಪ್ರತಿಯೊಂದು ಭಾಗವನ್ನೂ ತೊಳೀಬೇಕು. ತೊಳೆದ ನೀರನ್ನೂ ಲೆಕ್ಕಕ್ಕೆ ಸೇರಿಸ್ಬೇಕು. ಒಂದು ಹನಿ ಬಿಡೋ ಹಾಗಿಲ್ಲ.” ಮೇಡಂ ಬೀಕರನ್ನು ಸಾಹೇಬರ ಗದ್ದದ ಕೆಳಗೆ ಹಿಡಿದು, ಬಾಟಲಿಯ ಮೂತಿಯನ್ನು ಅವರ ತುಟಿಗೆ ಗುರಿಯಿಟ್ಟರು. “ಬಾಯಿ ತೆಗೀರಿ.”

ಸಾಹೇಬರು ತುಟಿ ಬಿಗಿಹಿಡಿದರು. ಎಳೆದ ದಮ್ಮು ಇನ್ನೂ ಒಳಗೇ ಇತ್ತು. ಮುಖ ಕೆಂಪಾಯಿತು, ಕಣ್ಣು ತುಂಬಿತು. ಕಡೆಗೆ ತಡೆಯಲಾರದೆ ಮೂಗಿನ ಹೊಳ್ಳೆಯಿಂದ ಪುದೀನ ವಾಸನೆಯ ಎಳೆಯೊಂದು ನುಸುಳಿತು.

ಮೇಡಂ ಅದಕ್ಕೂ ಬೀಕರು ಹಿಡಿದರು.