ಮೂರನೆಯ ಚರಣ

“ಎಂಟ್ನೇ ಕ್ಲಾಸು ದಾಟ್ದೇ ಇರೋನು ಹಾಡು ಬರೆದ್ನಂತೆ! ಮೋಟ್ರಿಗೆ ತಂತಿ ಸುತ್ತೋದು ಬುಟ್ಟು ಇನ್ನೇನ್ಲಾ ಬತ್ತದೆ ನಿಂಗೆ?”

ಬ್ಯಾಂಡಿನ ಹಾಡುಗಾರ ರವೀಂದ್ರ ಇದನ್ನು ವೇದಿಕೆಯ ಮೈಕಿನಲ್ಲೇ ಹೇಳಿದ. ಚಿನಕುರಳಿಯ ಗಣೇಶನ ಪೆಂಡಾಲು ಗೊಳ್ಳೆಂದು ನಕ್ಕಿತು. ಕೆಳಗೆ ನಿಂತಿದ್ದ ಚಲುವರಾಜು ಕೈಯಲ್ಲಿದ್ದ ಕ್ಯಾಸೆಟ್ಟನ್ನು ಹಿಸುಕಿದ. ಡಬ್ಬಿಯ ಮೇಲೆ ಅಚ್ಚಾಗಿತ್ತು: ‘ಮುಂದೆಲ್ಲ ಹಸುರು. ಸಾಹಿತ್ಯ, ಸಂಗೀತ: ರವೀಂದ್ರ.’

ಚಲುವರಾಜು ಹುಟ್ಟಿದ ಊರು ಅದು. ಅವ್ವ ಸತ್ತ ಮೇಲೆ, ನಡೆಯಲು ಕಲಿತ ವಯಸ್ಸಿಗೇ ಅಪ್ಪ ಪಾಂಡವಪುರಕ್ಕೆ ಕರೆದೊಯ್ದಿದ್ದ. ಗದ್ದೆಗೆ ಇಳಿದವನೇ ಅಲ್ಲ. ಇಷ್ಟು ವರ್ಷದ ಮೇಲೆ ಬಂದರೆ ಈ ಮರ್ಯಾದೆ.

ಹಾಡು ಅವನದೇ. ಮೋಟಾರು ರಿಪೇರಿ ಅಂಗಡಿಯಲ್ಲಿ ತಂತಿ ಸುತ್ತುತ್ತ ಕೂತಿದ್ದಾಗ ಒಂದೇ ಉಸಿರಿಗೆ ಬಂದಿತ್ತು, ತಿದ್ದುವ ಕೆಲಸವೇ ಇಲ್ಲದೆ. ‘ಹಿಂದಿಂದೆ ಹೋದಂಗೆ ಮುಂದೆಲ್ಲ ಹಸುರು.’ ಹುಡುಗಿ ಕೈಕೊಟ್ಟವನ ಹಾಡೆಂದುಕೊಂಡು ಕೆ.ಆರ್. ಪೇಟೆಯಿಂದ ನಾಗಮಂಗಲದವರೆಗೆ ಹುಡುಗರು ಕುಣಿದರು. ಅವನು ಗಿಟಾರು ನುಡಿಸುತ್ತಿದ್ದ ರವೀಂದ್ರನ ರಾಕ್ ಬ್ಯಾಂಡಿಗೆ ಹೆಸರು ಬಂದದ್ದೇ ಅದರಿಂದ.

‘ನನ್ನ ಹೆಸರು ಹಾಕಿ’ ಎಂದಿದ್ದಕ್ಕೆ ಬ್ಯಾಂಡಿನಿಂದಲೇ ತೆಗೆದರು. ಹೇಳಿದ ಕಾರಣ ಬೇರೆ: ಈ ಹಾಡು ನುಡಿಸುವಾಗ ಒಂದೊಂದೇ ಹೆಜ್ಜೆ ಹಿಂದೆ ಸರಿದು ಡ್ರಮ್ಮಿನ ಮೇಲೆ ಬೀಳುತ್ತಾನೆ. ಅದು ನಿಜ. ಯಾಕೆಂದು ಅವನಿಗೂ ತಿಳಿಯದು. ಅವನ ಜಾಗಕ್ಕೆ ಮೈಸೂರಿನಿಂದ ಗಿಟಾರಿನವನು ಬಂದ.

ಆದರೆ ಕ್ಯಾಸೆಟ್ಟಿನಲ್ಲಿದ್ದದ್ದು ಎರಡೇ ಚರಣ. ಮೂರನೆಯದನ್ನು ಅವನು ಯಾರೆದುರೂ ಹಾಡಿರಲಿಲ್ಲ.

ಚಲುವರಾಜು ವೇದಿಕೆಗೆ ಹಾರಿದ. “ನಿಂದೇ ಹಾಡಾದ್ರೆ ಮೂರ್ನೇ ಚರಣ ಹೇಳ್ಲಾ!”

“ಇರೋದೇ ಎಲ್ಡು ಕಣ್ಲಾ.”

ಚಲುವರಾಜು ಮೈಸೂರಿನವನ ಗಿಟಾರು ಕಿತ್ತುಕೊಂಡ. ಮಧ್ಯಾಹ್ನದ ಊಟಕ್ಕೆ ಗದ್ದೆಯಿಂದ ಬಂದ ಹೆಂಗಸರೂ ಕೆಸರುಗಾಲಲ್ಲೇ ಪೆಂಡಾಲಿನ ಅಂಚಿಗೆ ನಿಂತರು.

“ಕೆಸರಾಗೆ ಕಳಕೊಂಡೆ ಬೆಳ್ಳಿಯ ಕಾಲುಂಗ್ರ…”

ರವೀಂದ್ರನ ಮುಖ ಇಳಿಯಿತು. ಚಲುವರಾಜು ಗೆದ್ದಿದ್ದ. ಮುಂದಿನ ಸಾಲಿಗೆ ಬಾಯಿ ತೆರೆದ.

“ಸುಗ್ಗೀಲಿ ಸಿಕ್ಕೀತು ತೆನೆಯಾಗಿ ಕಾಲುಂಗ್ರ!”

ಹಾಡಿದ್ದು ಅವನಲ್ಲ, ಅಂಚಿನ ಹೆಂಗಸರು. ಅಲ್ಲಿಗೂ ನಿಲ್ಲಿಸದೆ ನಾಲ್ಕನೆಯ ಚರಣಕ್ಕೆ ಹೋದರು. ಅದು ಚಲುವರಾಜುವಿಗೂ ಗೊತ್ತಿರಲಿಲ್ಲ.

ರವೀಂದ್ರನ ನಗು ಮರಳಿತು. “ಈಗ್ಲಾದ್ರೂ ಹೇಳ್ಲಾ, ಯಾರ್ದು ಹಾಡು?”

“ಯಾಕಪ್ಪಾ ನಿಲ್ಸ್‌ಬುಟ್ಟೆ?” ಹೆಂಗಸರ ನಡುವಿನಿಂದ ಮುದುಕಿ ಕುಳ್ಳಮ್ಮ ಕೂಗಿದಳು. “ನೀನು ಪುಟ್ಟಲಕ್ಷ್ಮಮ್ಮನ ಮಗ ಅಲ್ವಾ? ಅದೇ ಮೊಕ! ನಮ್ಮತ್ತೆ ಕಾಲದ ನಾಟಿ ಪದ ಕಣಪ್ಪಾ ಇದು. ಗದ್ದೆ ಬದಿನ್ ಮರಕ್ಕೆ ನಿನ್ನ ಜೋಲಿ ಕಟ್ಬುಟ್ಟು, ಪೈರು ನೆಡ್ತಾ ಹಿಂದಿಂದಕ್ಕೆ ಹೆಜ್ಜೆ ಇಡ್ತಾ, ನಿಮ್ಮವ್ವ ಇಂಗೇ ಹೇಳೋಳು.”

ಚಲುವರಾಜು ಗಿಟಾರನ್ನು ಕೆಳಗಿಟ್ಟ, ಕ್ಯಾಸೆಟ್ಟನ್ನೂ ಅದರ ಪಕ್ಕದಲ್ಲೇ ಬಿಟ್ಟ, ವೇದಿಕೆ ಇಳಿದು ನಡೆದುಬಿಟ್ಟ.